ಅಪ್ಪನ ಫೋನಿಗೆ ಬಂದ ಕರೆ

ಸಿದ್ದಾಪುರ, ಕಲ್ಯಾಣ ಮಂಟಪದ ಉಗ್ರಾಣ
ಮಂಗಳವಾರ, ೨೦ ಮೇ ೨೦೨೫

ನನ್ನ ಕೂಸು ರಮ್ಯಶ್ರೀಗೆ ಆಯಿಯ ಆಶೀರ್ವಾದ.

ಈಗ ಮಧ್ಯಾಹ್ನ ಮೂರೂವರೆ ಗಂಟೆ. ಕೊನೆಯ ಪಂಕ್ತಿಯವರು ಕೈ ತೊಳೆದು ಹೋದರು. ಕತ್ತಲಿರುವಾಗಲೇ ಬಂದು ಕಾಯಿ ತುರಿದದ್ದು, ಹೋಳಿಗೆಯ ಕಣಕ ನಾದಿದ್ದು, ಮಾವಿನಕಾಯಿಯ ಅಪ್ಪೆಹುಳಿಗೆ ಒಗ್ಗರಣೆ ಕೊಟ್ಟದ್ದು, ನಡುವೆ ಗ್ಯಾಸ್ ಮುಗಿದು ಎಲ್ಲರೂ ಒಬ್ಬರನ್ನೊಬ್ಬರು ಬೈದುಕೊಂಡದ್ದು, ಇಷ್ಟು ಇವತ್ತಿನ ದಿನ. ಹೋಳಿಗೆ ಚೆನ್ನಾಗಿತ್ತು ಎಂದು ಗಂಡಿನ ಕಡೆಯವರು ಅಡುಗೆಮನೆಗೇ ಬಂದು ಹೇಳಿ ಹೋದರು. ನಿನ್ನ ಅಪ್ಪ ಇದ್ದಿದ್ದರೆ “ಪುಕ್ಕಟೆ ಉಂಡವ್ರ ಮಾತು ನಂಬಡ, ದುಡ್ಡು ಕೊಟ್ಟವ್ರು ಹೇಳ್ಲಿ” ಎನ್ನುತ್ತಿದ್ದರು. ಉಗ್ರಾಣದಲ್ಲಿ ಸಕ್ಕರೆ ಮೂಟೆಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಓರೆಯಾದರೆ ಅದಕ್ಕೇ.

ನೀನು ಹೇಗಿದ್ದೀಯ? ಬಲಗಾಲಿಗೆ ಕಟ್ಟುವ ಆಸರೆಯ ಪಟ್ಟಿ ಉಜ್ಜಿ ಪಾದದ ಹತ್ತಿರ ಗಾಯವಾಗಿದೆ ಎಂದಿದ್ದೆ, ಅದು ಒಣಗಿತೇ? ಪಟ್ಟಿಯನ್ನು ಬರಿಗಾಲಿಗೆ ಕಟ್ಟಬೇಡ, ಹಳೆಯ ಹತ್ತಿ ಬಟ್ಟೆಯನ್ನು ಎರಡು ಸುತ್ತು ಸುತ್ತಿ ಆಮೇಲೆ ಕಟ್ಟು. ರಾತ್ರಿ ಮಲಗುವ ಮೊದಲು ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು ಬಿಟ್ಟಿಲ್ಲ ತಾನೇ? ಹಾಸ್ಟೆಲಿನ ಸಾರಿನಲ್ಲಿ ಬರೀ ನೀರು ಎಂದು ನೀನು ದೂರುವಾಗ ನನಗೆ ಒಳಗೇ ಸಮಾಧಾನ. ಸಾರಿನ ಮೇಲೆ ಸಿಟ್ಟು ಬರುವಷ್ಟು ಹಸಿವಾದರೂ ಆಗುತ್ತಿದೆಯಲ್ಲ ಎಂದುಕೊಳ್ಳುತ್ತೇನೆ. ಆದರೆ ಹೋದ ಗುರುವಾರ ಫೋನ್ ಮಾಡಿದಾಗ ನೀನು ಸಾರಿನ ವಿಷಯ ಎತ್ತಲಿಲ್ಲ.

ನಾಳೆ ನಿನ್ನ ಸಭೆ. ನಿನ್ನನ್ನು ಆ ಸಂಶೋಧನೆಯಲ್ಲಿ ಇಟ್ಟುಕೊಳ್ಳುವುದೋ, ಬಿಟ್ಟು ಹೋಗು ಎನ್ನುವುದೋ ಎಂದು ನಾಳೆ ತೀರ್ಮಾನಿಸುತ್ತಾರೆ ಎಂದು ನೀನೇ ಹೇಳಿದೆ. ಅದಕ್ಕೆ ಮೊದಲು ಈ ಪತ್ರ ನಿನ್ನ ಕೈ ಸೇರಬೇಕು. ಈ ಮದುವೆಗೆ ಬಂದಿರುವ ಶ್ರೀವಾಣಿ ಎನ್ನುವವಳು ನಿಮ್ಮ ಹಾಸ್ಟೆಲಿನ ಹತ್ತಿರದ ಶಾಲೆಯಲ್ಲೇ ಟೀಚರ್ ಅಂತೆ. ಇವತ್ತು ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಕೊಡುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಗುರುವಾರದಿಂದ ಫೋನ್ ಕೈಗೆತ್ತಿಕೊಂಡು ಇಟ್ಟದ್ದೇ ಆಯಿತು. ನಿನ್ನ ದನಿ ಕೇಳಿದರೆ ನನ್ನ ಬಾಯಿಂದ ಊಟ ಆಯಿತೇ ಎನ್ನುವ ಮಾತು ಬಿಟ್ಟು ಬೇರೆ ಬರುವುದಿಲ್ಲ. ದಿನವೂ ಮಲಗುವ ಮೊದಲು ಎರಡು ಸಾಲು ಬರೆಯುವ ಅಭ್ಯಾಸ ಇದೆಯಲ್ಲ, ಹಾಗಾಗಿ ಕಾಗದದ ಮೇಲೆ ನನಗೆ ಸ್ವಲ್ಪ ಧೈರ್ಯ. ಏಳನೇ ಇಯತ್ತೆ ಕಲಿತವಳ ಧೈರ್ಯ ಎಷ್ಟೋ ಅಷ್ಟು.

ಗುರುವಾರ ನೀನು ಹೇಳಿದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಇಲಿಯ ಮಿದುಳನ್ನು ತೆಳ್ಳೇವು ದೋಸೆಗಿಂತ ತೆಳ್ಳಗೆ ಹೋಳು ಮಾಡಿ ಗಾಜಿನ ಮೇಲೆ ಹರಡಿ ನೋಡುವುದು ನಿನ್ನ ಕೆಲಸ. ಹೋಳು ಮಾಡುವ ಯಂತ್ರವನ್ನು ಎಡಗೈಯಲ್ಲೇ ನಡೆಸುತ್ತೀಯ. ಆದರೆ ಇಲಿಯನ್ನು ಹಿಡಿಯುವುದಕ್ಕೆ, ತಟ್ಟೆಗಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವುದಕ್ಕೆ ಎರಡು ಕೈ ಬೇಕು. ಅದಕ್ಕೆ ಒಬ್ಬರು ಸಹಾಯಕರನ್ನು ಕೊಡಿ ಎಂದು ಸೇರಿದ ಹೊಸದರಲ್ಲೇ ಕೇಳಿದ್ದೆ. ಅಂಗವಿಕಲ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿಯವರು, ನಿನಗೆ ಸಹಾಯ ಬೇಡ ಎಂದು ಮೊದಲೇ ಬರೆದಿದೆ, ಬೇಕಾದರೆ ಡಾಕ್ಟರರಿಂದ ಹೊಸದಾಗಿ ಬರೆಸಿ ತಾ ಎಂದರು. ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ನೀನು ಯಾವ ಡಾಕ್ಟರ ಹತ್ತಿರವೂ ಹೋಗದೆ, ಒಬ್ಬಳೇ ಮಾಡಿಕೊಳ್ಳುತ್ತೇನೆ ಎಂದು ಸುಮ್ಮನಾದೆ. ಮೊನ್ನೆ ಹೊಸ್ತಿಲಿಗೆ ಕಾಲು ತಾಗಿ ತಟ್ಟೆ ಬಿತ್ತು. ನಿನ್ನದರ ಜೊತೆಗೆ ಇನ್ನೊಬ್ಬ ಹುಡುಗನ ತಿಂಗಳುಗಟ್ಟಲೆಯ ಕೆಲಸವೂ ನೆಲಕ್ಕೆ ಬಿತ್ತು. ನಾನು ಸಹಾಯ ಕೇಳಿದ್ದೆ, ಕೊಡಲಿಲ್ಲ ಎಂದು ನೀನು ಹೇಳಿದಾಗ ನಿಮ್ಮ ಪ್ರೊಫೆಸರು ಹಳೆಯ ದಾಖಲೆ ತೆಗೆಸಿ ನೋಡಿದರು. ಹುಡುಗಿಗೆ ಈಗ ತೊಂದರೆ ಇಲ್ಲ, ಸರ್ಟಿಫಿಕೇಟು ಬಸ್ ಪಾಸಿಗೋಸ್ಕರ ಮಾಡಿಸಿದ್ದು ಎಂದು ಮನೆಯವರೇ ಹೇಳಿದ್ದಾಗಿ ಅಲ್ಲಿತ್ತು. ಆಮೇಲಿಂದ ನಿನ್ನನ್ನು ಎಲ್ಲರೂ ಬೇರೆ ಕಣ್ಣಿನಿಂದ ನೋಡುತ್ತಿದ್ದಾರೆ. ಅಂಗವಿಕಲರ ಸೀಟಿಗಾಗಿ ಸುಳ್ಳು ಕಾಗದ ಕೊಟ್ಟವಳು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ನೀನು ಬಂದರೆ ಮಾತು ನಿಲ್ಲಿಸುತ್ತಾರೆ.

ಇಷ್ಟು ಹೇಳಿ, ಮನೆಯವರ ಹೆಸರಿನಲ್ಲಿ ಬೇರೆ ಯಾರೋ ಮಾತಾಡಿದ್ದಾರೆ ಎಂದುಕೊಂಡು ನೀನು ಕೇಳಿದೆ, “ಯಾರು ಹೇಳಿಕ್ಕು ಆಯಿ? ಹೇಳ್ದವ್ಕೆ ಯನ್ನ ಮೇಲೆ ಎಂತ ಸಿಟ್ಟಿತ್ತೇನ.” ನಾನು ಏನೆಂದೆ ಎಂದು ನಿನಗೆ ನೆನಪಿದೆ. “ಊಟ ಆತನೇ?” ಎಂದೆ.

ಹೇಳಿದವಳು ನಾನು.

ಹೊರಗೆ ವೀರಪ್ಪ ಕಡಾಯಿ ತಿಕ್ಕುತ್ತಿದ್ದಾನೆ. ಬನವಾಸಿ ಕಡೆಯ ಆಳು ಅವನು, ಯಾರ ಮುಖ ಬಾಡಿದ್ದರೂ ಅವನಿಗೆ ತಡೆಯುವುದಿಲ್ಲ. ಬಾಗಿಲಲ್ಲಿ ಇಣುಕಿ “ಯಾಕ್ರೀ ಅಕ್ಕಾರ, ಸಕ್ರಿ ಮ್ಯಾಲ ಕುಂತು ಕಹಿ ಮಾರಿ ಮಾಡೀರಿ? ಚಾ ಕುಡ್ಯಾಕ ಬರ್ರಿ” ಎಂದು ಕರೆದು ಹೋದ. ಹೋಗಲಿಲ್ಲ. ಎದ್ದರೆ ಮತ್ತೆ ಕೂರುವುದಿಲ್ಲ ಎಂದು ಗೊತ್ತು.

ಹೇಗಾಯಿತು ಎನ್ನುವುದನ್ನು ಹೇಳುತ್ತೇನೆ. ಅಪ್ಪ ಇರುವಾಗ ನಿನಗೆ ಸಂಬಂಧ ಕೇಳಿ ಫೋನ್ ಬಂದರೆ ಏನು ಹೇಳುತ್ತಿದ್ದರು ಎನ್ನುವುದು ನಿನಗೆ ಗೊತ್ತಲ್ಲ. ನೀನು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗಲಂತೂ ವಾರಕ್ಕೊಂದು ಕರೆ. ನಮ್ಮ ಸಂಸಾರ ನಡೆದದ್ದೇ ಬೇರೆಯವರ ಮದುವೆಯ ಅಡುಗೆಯಲ್ಲಿ. ಸೀತಾರಾಮ ಭಟ್ಟರಿಗೊಬ್ಬಳು ಓದಿದ ಮಗಳಿದ್ದಾಳೆ ಎನ್ನುವುದು ಎಲ್ಲ ಪಂಕ್ತಿಯಲ್ಲೂ ತಿರುಗಿತ್ತು. ಅಪ್ಪ ಸ್ಪೀಕರ್ ಹಾಕಿಕೊಂಡು ಎಲ್ಲರಿಗೂ ಕೇಳುವ ಹಾಗೆ “ಬಲಗೈಲಿ ಬಲ ಇಲ್ಲೆ, ಬಲಗಾಲು ಎಳೆದು ನಡೀತು. ಎರಡು ವರ್ಷದ್ದಿದ್ದಾಗ ಮಿದುಳು ಜ್ವರ ಬಂದಿತ್ತು. ಬಾಕಿ ತಲೆ ವಿಷಯ ಆದ್ರೆ ಅದ್ರ ಹತ್ರನೇ ಮಾತಾಡಿ, ಯಂಗೆ ಅರ್ಥ ಆಗ್ತಿಲ್ಲೆ” ಎಂದುಬಿಡುತ್ತಿದ್ದರು. ಆ ಕಡೆಯವರು ಜಾತಕ ನೋಡಿ ಹೇಳುತ್ತೇವೆ ಎನ್ನುತ್ತಿದ್ದರು. ಯಾರೂ ತಿರುಗಿ ಮಾಡಲಿಲ್ಲ. ನಾನು ಜಗಳಕ್ಕೆ ನಿಲ್ಲುತ್ತಿದ್ದೆ. “ನಿಂಗ ಎಲ್ಲಾ ಮೊದ್ಲೇ ಹೇಳಿರೆ ಯಾರು ಬತ್ತ? ಬಂದು ಕೂಸಿನ ನೋಡ್ಲಿ, ಆಮೇಲೆ ಹೇಳಿರಾತು.” ಅದಕ್ಕವರು, “ಅದೆಂತ ಹಳಸಿದ ಅನ್ನನಾ, ಮುಚ್ಚಿ ಕಳ್ಸಲೆ?” ಎಂದು ಕೇಳಿ ಸೌಟು ತೊಳೆಯಲು ಹೋಗುತ್ತಿದ್ದರು.

ನೀನು ಮಿದುಳಿನ ವಿಷಯವನ್ನೇ ಯಾಕೆ ಹಿಡಿದೆ ಎಂದು ಕೇಳುವವರಿಗೂ ಅವರ ಹತ್ತಿರ ಉತ್ತರ ಇತ್ತು. ನೀನು ಚಿಕ್ಕವಳಿದ್ದಾಗ ಬಲಗೈಗೆ ಹೊಡೆದು ಹೊಡೆದು ಅಳುತ್ತಿದ್ದೆ, ಇದು ಹೇಳಿದ ಮಾತು ಕೇಳುವುದಿಲ್ಲ ಎಂದು. ಅಪ್ಪ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು “ಕೈ ಪಾಪದ್ದು, ಅದಕ್ಕೆ ಬಡಿಯಡ. ತಲೆಯಿಂದ ಕೈಗೆ ಬಪ್ಪ ದಾರಿಲಿ ಎಲ್ಲೋ ಮರ ಬಿದ್ದೋಜು, ಬಸ್ಸು ಬತ್ತಾ ಇಲ್ಲೆ” ಎಂದಿದ್ದರು. ಆ ಮರ ಎಲ್ಲಿ ಬಿದ್ದಿದೆ ಎಂದು ನೀನು ವಾರವಿಡೀ ನಮ್ಮಿಬ್ಬರ ಜೀವ ತಿಂದೆ. ಈಗ ಅದನ್ನೇ ಹುಡುಕಲು ಬೆಂಗಳೂರಿಗೆ ಹೋಗಿದ್ದೀಯ ಎಂದು ನಾನು ಅಂದುಕೊಂಡಿದ್ದೇನೆ. ತಪ್ಪಿದ್ದರೆ ನಗಬೇಡ.

ಅಪ್ಪ ಹುಲಗೋಳದ ಮದುವೆಯ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ನಿನ್ನ ಸಂದರ್ಶನ ಆಗಿತ್ತು, ಸೀಟು ಸಿಕ್ಕಿದ್ದು ಅವರಿಗೆ ತಿಳಿಯಲಿಲ್ಲ. ಅವರ ಫೋನನ್ನು ನಾನು ನಿಲ್ಲಿಸಲಿಲ್ಲ. ಅಡುಗೆಗೆ ಕರೆಯುವವರು ಅದೇ ನಂಬರಿಗೆ ಮಾಡುತ್ತಾರೆ ಎನ್ನುವುದು ಹೇಳಿಕೊಳ್ಳಲು ಒಂದು ಕಾರಣ. ಸೀತಾರಾಮ ಭಟ್ರಾ ಎಂದು ಯಾರಾದರೂ ಕೇಳಿದರೆ ಹೌದು, ಎಷ್ಟು ಜನಕ್ಕೆ ಎಂದು ಮೊದಲು ಕೇಳುತ್ತೇನೆ. ಅವರು ಇಲ್ಲ ಎಂದು ಹೇಳುವುದು ಆಮೇಲೆ. ಅಷ್ಟು ಹೊತ್ತಾದರೂ ಅವರು ಇರಲಿ ಎಂದು. ಧಾರವಾಡದಲ್ಲಿ ನಿನ್ನ ಸಿಮ್ಮು ಪದೇ ಪದೇ ಬದಲಾಗುತ್ತಿತ್ತಲ್ಲ, ಹಾಗಾಗಿ ಅರ್ಜಿಯಲ್ಲಿ ನೀನು ಅಪ್ಪನ ನಂಬರನ್ನೇ ಕೊಟ್ಟಿದ್ದೆ.

ಹೋದ ವರ್ಷ ಆಷಾಢದಲ್ಲಿ, ಅಡುಗೆ ಕೆಲಸ ಇಲ್ಲದ ದಿನ, ಮಳೆ ಬಿಟ್ಟು ಬಿಸಿಲು ಬಿದ್ದಿತ್ತು ಎಂದು ಉಮ್ಮಚಗಿಯ ನಮ್ಮ ಮನೆಯ ಜಗಲಿಯಲ್ಲಿ ಹಪ್ಪಳ ಮಾಡುತ್ತಾ ಕುಳಿತಿದ್ದೆವು. ರೋಹಿಣಿ ಬಂದಿದ್ದಳು. ನಿನಗೆ ಅವಳ ಪರಿಚಯ ಕಡಿಮೆ. ಹೆಗ್ಗರಣೆಯವಳು, ಅಪ್ಪ ಹೋದ ಮೇಲೆ ನಮ್ಮ ತಂಡಕ್ಕೆ ಸೇರಿದವಳು. ನಾಲಗೆ ಹರಿತ, ಕೈಯೂ ಹಾಗೇ ಚುರುಕು. ಅವಳ ಅಣ್ಣನ ಮಗ ಶಿರಸಿಯ ಸೊಸೈಟಿಯಲ್ಲಿ ಕೆಲಸಕ್ಕಿದ್ದಾನೆ, ಅವನಿಗೆ ಹೆಣ್ಣು ಹುಡುಕುತ್ತಿದ್ದರು. ಅವತ್ತು ಅವಳು ತಾನಾಗಿಯೇ, “ನಿನ್ನ ಕೂಸಿನ ಕೈ ರಾಶಿ ವೀಕನ, ಸ್ವಲ್ಪ ವೀಕನ? ಸ್ವಲ್ಪ ಆದ್ರೆ ಅಣ್ಣನ ಹತ್ರ ಮಾತಾಡ್ತಿ” ಎಂದಳು. ನಾನು ಹಪ್ಪಳದ ಹಿಟ್ಟು ನಾದುತ್ತಿದ್ದೆ. ಆಗಲೇ ಒಳಗಿನಿಂದ ಅಪ್ಪನ ಫೋನ್ ಹೊಡೆದುಕೊಂಡಿತು. ಕೈಯೆಲ್ಲ ಹಿಟ್ಟು, ರೋಹಿಣಿಯೇ ತಂದು ಸ್ಪೀಕರ್ ಹಾಕಿ ನನ್ನ ಮುಂದೆ ಇಟ್ಟಳು.

ಆ ಹೆಂಗಸು ತನ್ನ ಹೆಸರು ತನುಜಾ ಎಂದಳು. ಎಲ್ಲಿಂದ ಎಂದೂ ಹೇಳಿದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಬಂಧ ಕೇಳುವವರೆಲ್ಲ ಮೊದಲು ತಮ್ಮ ಊರು ಮನೆತನ ಹೇಳಿಯೇ ಹೇಳುತ್ತಾರೆ. ರಮ್ಯಶ್ರೀ ಅವರ ಮನೆಯವರಾ, ಅವರ ಕೈಕಾಲಿನ ವಿಷಯ ಸ್ವಲ್ಪ ಕೇಳಬೇಕಿತ್ತು ಎಂದಾಗ ನನಗೆ ಖಾತ್ರಿಯಾಯಿತು. ಈ ಮಾತನ್ನು ಎಷ್ಟು ಬಾಯಿಯಿಂದ ಕೇಳಿಲ್ಲ ನಾನು. ಈ ಸಲ ಸ್ಪೀಕರ್ ಹಾಕಿ ಸತ್ಯ ಹೇಳುವವರು ಮನೆಯಲ್ಲಿ ಇರಲಿಲ್ಲ. “ಎಂತ ತೊಂದ್ರೆನೂ ಇಲ್ಲೆ” ಎಂದೆ. ಚಿಕ್ಕವಳಿದ್ದಾಗ ಜ್ವರ ಬಂದಿತ್ತು, ಈಗ ಎಲ್ಲ ಗುಣವಾಗಿದೆ, ಅಡುಗೆ ಮಾಡುತ್ತಾಳೆ, ರಂಗೋಲಿ ಹಾಕುತ್ತಾಳೆ, ಹೂವು ಕಟ್ಟುತ್ತಾಳೆ ಎಂದೆ. ಹೂವು ಕಟ್ಟುತ್ತಾಳೆ ಎಂದು ಯಾಕೆ ಹೇಳಿದೆನೋ. ನೀನು ಎಂದೂ ಹೂವು ಕಟ್ಟಿಲ್ಲ, ನಿನಗೆ ಅದರಲ್ಲಿ ಆಸೆಯೂ ಇಲ್ಲ.

ತಪ್ಪು ತಿಳಿದು ಹೇಳಿದೆ ಎಂದು ಇಲ್ಲಿಗೆ ನಿಲ್ಲಿಸಿದರೆ ನೀನು ನಕ್ಕು ಕ್ಷಮಿಸಿಬಿಡುತ್ತೀಯ. ಅದಕ್ಕೇ ಮುಂದಿನದನ್ನೂ ಬರೆಯಬೇಕು. ಆಮೇಲೆ ಅವಳು, ಹಾಗಾದರೆ ಲ್ಯಾಬಿನಲ್ಲಿ ಸಹಾಯಕರು ಬೇಡವಾ ಅಮ್ಮಾ ಎಂದು ಕೇಳಿದಳು. ಇದು ಮದುವೆಯ ಫೋನಲ್ಲ, ನಿನ್ನ ಓದಿನದು, ನಿಮ್ಮ ಆ ಕಚೇರಿಯವರದು ಎಂದು ನನಗೆ ಆಗಲೇ ತಿಳಿಯಿತು. ತಿಳಿದ ಮೇಲೂ ನಾನು ಮಾತು ಬದಲಿಸಲಿಲ್ಲ. ಎದುರಿಗೆ ರೋಹಿಣಿ ಲಟ್ಟಣಿಗೆ ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದಳು. ಏನೂ ಬೇಡ ಎಂದೆ. ಆದರೆ ಸರ್ಟಿಫಿಕೇಟು ಕೊಟ್ಟಿದ್ದಾರಲ್ಲ ಎಂದು ತನುಜಾ ಕೇಳಿದಳು. ಅದು ಅವಳ ಅಪ್ಪ ಬಸ್ ಪಾಸಿಗೆಂದು ಮಾಡಿಸಿದ್ದು ಎಂದುಬಿಟ್ಟೆ. ತನುಜಾಳಿಗೆ ಹೇಳಿದ ಮಾತಲ್ಲ ಅದು, ರೋಹಿಣಿಗೆ ಕೇಳಲಿ ಎಂದು ಹೇಳಿದ್ದು. ಜೀವಮಾನದಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ ನಿನ್ನ ಅಪ್ಪ. ನಿನ್ನನ್ನು ಎತ್ತಿಕೊಂಡು ಕಾರವಾರದ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದು ಆ ಕಾಗದ ಮಾಡಿಸಿದವರು. ಅವರು ತೀರಿದ ಐದನೇ ತಿಂಗಳಿಗೆ ಅವರನ್ನು ಕಳ್ಳ ಮಾಡಿದೆ.

ಫೋನ್ ಇಟ್ಟ ಮೇಲೆ ರೋಹಿಣಿ ಕೇಳಿದಳು, “ಯಾರದು, ಗಂಡಿನ ಕಡೆಯವ್ರಾ?” ಹೌದು ಎಂದೆ. ನಾಲ್ಕು ದಿನ ನನಗೆ ಒಳಗೊಳಗೇ ಖುಷಿಯೂ ಇತ್ತು ಎಂದರೆ ನೀನು ನಂಬುತ್ತೀಯೋ ಇಲ್ಲವೋ. ಸೀಟಿಗೆ ತೊಂದರೆಯಾಗದ ಹಾಗೆ ಮಾತಾಡಿದೆ ಎಂದುಕೊಂಡಿದ್ದೆ. ಸಹಾಯ ಬೇಕು ಎಂದರೆ, ಜಾತಕ ನೋಡಿ ಹೇಳುತ್ತೇವೆ ಎಂದವರ ಹಾಗೆ ಅವರೂ ಸುಮ್ಮನಾಗಿಬಿಡುತ್ತಾರೆ ಎನ್ನುವ ಭಯ. ಕಾಲೇಜಿನವರು ಕುಂದು ಹುಡುಕಲು ಕೇಳುವುದಲ್ಲ, ಸಹಾಯ ಕೊಡಲು ಕೇಳುತ್ತಾರೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ನನ್ನ ಇಷ್ಟು ವರ್ಷದ ಬಾಳಿನಲ್ಲಿ ಆ ಪ್ರಶ್ನೆಯನ್ನು ಹಾಗೆ ಯಾರೂ ಕೇಳಿರಲಿಲ್ಲ.

ಗುರುವಾರದಿಂದ ಒಂದೇ ಯೋಚನೆ. ಇಷ್ಟು ಮದುವೆಗಳಲ್ಲಿ ದುಡಿದಿದ್ದೇನೆ, ಒಂದಾದರೂ ದೊಡ್ಡ ಕಡಾಯಿಯನ್ನು ಯಾರಾದರೂ ಒಬ್ಬರೇ ಇಳಿಸಿದ್ದನ್ನು ಕಂಡಿಲ್ಲ. ಈ ಕಡೆ ಒಬ್ಬರು, ಆ ಕಡೆ ಒಬ್ಬರು, ನಡುವೆ ಬಿದಿರಿನ ಗಳ. ಹುಚ್ಚ ಎನ್ನುವ ಹೆಸರಿನ ಆಳು ಒಬ್ಬ ಇದ್ದನಲ್ಲ, ಮೈಯಲ್ಲಿ ಗೂಳಿಯಂಥ ಶಕ್ತಿ. ಒಮ್ಮೆ ಸಾಂಬಾರಿನ ಕಡಾಯಿಯನ್ನು ತಾನೊಬ್ಬನೇ ಎತ್ತುತ್ತೇನೆ ಎಂದು ಪಂಚೆ ಎತ್ತಿಕಟ್ಟಿದ. ಅಪ್ಪ ಅವತ್ತೇ ಅವನನ್ನು ಮನೆಗೆ ಕಳಿಸಿದರು. “ಒಬ್ನೇ ಎತ್ತವಂಗೆ ಯನ್ನ ಅಡುಗೆಲಿ ಕೆಲ್ಸ ಇಲ್ಲೆ” ಎಂದರು. ನಿನಗೂ ಅವರು ಕೆಲಸ ಕೊಟ್ಟದ್ದು ಹಾಗೇ. ಹಲಗೆಗೆ ಎರಡು ಮೊಳೆ ಹೊಡೆದು ಸೌತೆಕಾಯಿಯನ್ನು ಅದಕ್ಕೆ ಚುಚ್ಚಿ ಕೊಡುತ್ತಿದ್ದರು, ನೀನು ಎಡಗೈಯಲ್ಲಿ ಹೆಚ್ಚುತ್ತಿದ್ದೆ. ರಜೆಗೆ ಬಂದಾಗೆಲ್ಲ ಕೋಸಂಬರಿ ನಿನ್ನದೇ. ಆದರೆ ಬಡಿಸುವ ಹೊತ್ತಿಗೆ ನಾನು ಬಂದು, ಎಡಗೈಯಲ್ಲಿ ಬಡಿಸಿದರೆ ಜನ ಎಲೆ ಬಿಟ್ಟು ಏಳುತ್ತಾರೆ ಎಂದು ನಿನ್ನನ್ನು ಒಳಗೆ ಕೂರಿಸುತ್ತಿದ್ದೆ, ಸೆರಗನ್ನು ಬಲಗೈ ಮೇಲೆ ಎಳೆದು. ನೀನು ಎಂದೂ ಎದುರಾಡಲಿಲ್ಲ. ಒಳಗೆ ಕುಳಿತು ಏನು ಯೋಚಿಸುತ್ತಿದ್ದೆ ಎಂದು ನಾನು ಕೇಳಿಯೂ ಇಲ್ಲ.

ಇವತ್ತು ಬೆಳಿಗ್ಗೆ ಹೋಳಿಗೆ ತಟ್ಟುವಾಗ ನಿನ್ನದೇ ಮಾತು ಬಂತು. ರೋಹಿಣಿ ಶುರು ಮಾಡಿದಳು. “ನೀಲಕ್ಕಾ, ನಿನ್ನ ಕೂಸು ತಲೆ ವಿಷ್ಯ ಓದ್ತಡ ಅಲ್ದಾ? ಯಂಗೆ ಮೂರು ದಿನದಿಂದ ಅರ್ಧ ತಲೆನೋವು. ಫೋನ್ ಮಾಡಿ ಒಂದು ಗುಳಿಗೆ ಹೆಸ್ರು ಕೇಳೆ.” ಅದು ಆ ಓದಲ್ಲ ಎಂದೆ. “ತಲೆನೋವಿಗೂ ಬಾರದಿದ್ದ ಓದು ಅದೆಂತ ಓದೇ ಮಾರಾಯ್ತಿ” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀನು ಇಲಿಯ ಮಿದುಳು ಕೊಯ್ಯುತ್ತೀಯ ಎಂದು ನ್ಯಾಯವಾಗಿ ಹೇಳಬೇಕಿತ್ತು. ಅದನ್ನೂ ನಾನು ಯಾರಿಗೂ ಹೇಳಿಲ್ಲ, ಔಷಧಿ ಕಂಡುಹಿಡಿಯುವ ಕೆಲಸ ಎಂದಿದ್ದೇನೆ. ಭಟ್ಟರ ಮಗಳು ಇಲಿ ಕೊಯ್ಯುತ್ತಾಳೆ ಎಂದರೆ ನಮ್ಮನ್ನು ಅಡುಗೆಗೆ ಕರೆಯುವುದಿಲ್ಲವೇನೋ ಎಂದು. ನೋಡು, ನಿನ್ನ ವಿಷಯದಲ್ಲಿ ನಾನು ಮುಚ್ಚದೇ ಇಟ್ಟದ್ದು ಯಾವುದೂ ಇಲ್ಲ. ಕೈ ಮುಚ್ಚಿದೆ, ಕಾಲು ಮುಚ್ಚಿದೆ, ಓದನ್ನೂ ಮುಚ್ಚಿದೆ. ನೀನು ಮಾತ್ರ ಎಲ್ಲ ಕಡೆಯೂ ಬಿಚ್ಚಿ ಬರೆದು ಅರ್ಜಿ ಹಾಕಿ, ಆ ದೊಡ್ಡ ಮಂದಿಯ ಮುಂದೆ ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದು, ಸೀಟು ತಂದೆ. ನಿನ್ನಲ್ಲಿರುವ ಗಟ್ಟಿತನ ಅಪ್ಪನದು. ನನ್ನಿಂದ ನಿನಗೆ ಬಂದದ್ದು ಉದ್ದ ಕೂದಲು ಒಂದೇ.

ಈಗ ಏನು ಮಾಡಬೇಕು ಎಂದು ನನಗೆ ತಿಳಿಯುತ್ತಿಲ್ಲ. ಈ ಪತ್ರವನ್ನು ನೀನು ಅವರಿಗೆ ತೋರಿಸಬಹುದು. ತೋರಿಸಿದರೆ ಒಬ್ಬ ಅಡುಗೆಯವಳು ಸಕ್ಕರೆ ಮೂಟೆಯ ಮೇಲೆ ಕುಳಿತು ಬರೆದದ್ದನ್ನು ಅವರು ನಂಬುತ್ತಾರೋ, ಮಗಳನ್ನು ಉಳಿಸಲು ಈಗ ಹೊಸ ಸುಳ್ಳು ಹೇಳುತ್ತಿದ್ದಾಳೆ ಎನ್ನುತ್ತಾರೋ. ಸುಳ್ಳು ಹೇಳಿದವರ ಸತ್ಯಕ್ಕೆ ಬೆಲೆ ಕಡಿಮೆ. ಅಪ್ಪ ಇದ್ದಿದ್ದರೆ ಅವರ ಒಂದು ಮಾತು ಸಾಕಿತ್ತು. ಅವರು ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ನನ್ನ ಮೇಲೆ ಸಿಟ್ಟು ಮಾಡು, ಆದರೆ ಊಟ ಬಿಡಬೇಡ. ಆ ಇನ್ನೊಬ್ಬ ಹುಡುಗನ ಕೆಲಸ ಹಾಳಾಯಿತಲ್ಲ, ಅವನಿಗೆ ನಾನು ಕ್ಷಮೆ ಕೇಳಿದ್ದೇನೆ ಎಂದು ಹೇಳು. ತಟ್ಟೆ ಬಿದ್ದದ್ದು ನಿನ್ನ ಕಾಲು ತಾಗಿ ಇರಬಹುದು, ಬೀಳಿಸಿದವಳು ನಾನು. ಶ್ರೀವಾಣಿಯ ಕೈಯಲ್ಲಿ ಕಾಯಿ ಹೋಳಿಗೆ ಕಳಿಸಿದ್ದೇನೆ, ಎರಡು ದಿನ ಕೆಡುವುದಿಲ್ಲ. ನಿನಗೆ ಒಳ್ಳೆಯದಾಗಲಿ, ನೀನು ಹಿಡಿದ ಕೆಲಸ ನಿನ್ನನ್ನು ಬಿಡದಿರಲಿ. ಅಪ್ಪನ ಆಶೀರ್ವಾದ ನಿನ್ನ ಮೇಲೆ ಇದ್ದೇ ಇದೆ. ನನ್ನದು ಬೇಕೆನಿಸಿದರೆ ಅದನ್ನೂ ತೆಗೆದುಕೋ.

ನಿನ್ನ ಆಯಿ,
ನೀಲಾ

ತಾ.ಕ.: ಪತ್ರ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಶ್ರೀವಾಣಿ ಆಟೋ ನಿಲ್ಲಿಸಿಕೊಂಡು ಬೇಗ ಬೇಗ ಎನ್ನುತ್ತಿದ್ದಾಳೆ. ಈಗಷ್ಟೇ ತನುಜಾಳಿಗೆ ಫೋನ್ ಮಾಡಿದೆ. ಆ ನಂಬರು ಅಪ್ಪನ ಫೋನಿನಲ್ಲೇ ಇತ್ತು, ಪ್ರಥಮ ಹುಡುಕಿ ಕೊಟ್ಟ. ಪ್ರಥಮ ಎಂದರೆ ನಮ್ಮ ತಂಡದ ಲೆಕ್ಕ ನೋಡುವವನು. ಹೊರಗೆ ಹೋಗಿ ಮಾತಾಡೋಣ ಎಂದುಕೊಂಡವಳು ಹೋಗಲಿಲ್ಲ. ಅಡುಗೆಮನೆಯಲ್ಲೇ, ಎಲ್ಲರೂ ಪಾತ್ರೆ ತೊಳೆಯುತ್ತಿದ್ದಲ್ಲೇ, ಸ್ಪೀಕರ್ ಹಾಕಿಕೊಂಡೇ ಹೇಳಿದೆ. ಹೋದ ವರ್ಷ ನಾನು ಹೇಳಿದ್ದು ಸುಳ್ಳು, ನನ್ನ ಮಗಳ ಬಲಗೈ ಏಳುವುದಿಲ್ಲ, ಬಲಗಾಲು ಎಳೆಯುತ್ತಾಳೆ, ಸರ್ಟಿಫಿಕೇಟು ನಿಜವಾದದ್ದು, ಅವಳ ಅಪ್ಪ ಸುಳ್ಳು ಹೇಳುವವರಲ್ಲ, ಹೇಳಿದವಳು ನಾನು ಎಂದೆ. ಅಳು ಬಂತು, ಆದರೆ ಎಲ್ಲ ಹೇಳಿ ಮುಗಿಸಿದ ಮೇಲೆ ಬಂತು. ಎಲ್ಲರ ಕೈ ನಿಂತಿತು, ರೋಹಿಣಿ ಮಾತ್ರ ಬಟ್ಟಲು ತೊಳೆಯುತ್ತಲೇ ಇದ್ದಳು. ಅವಳ ಅಣ್ಣನ ಮನೆಯ ಸಂಬಂಧದ ಮಾತು ಇನ್ನು ಬರುವುದಿಲ್ಲ, ನನಗೆ ಅದರಿಂದ ಬೇಸರವಾಗಲಿಲ್ಲ.

ತನುಜಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನಿನ ಮಾತು ಸಾಲದು, ಬರೆದು ಸಹಿ ಮಾಡಿ ಕಳಿಸಿ ಎಂದಳು. ಅದನ್ನು ಬೇರೆ ಹಾಳೆಯಲ್ಲಿ ಬರೆದು ಹೆಬ್ಬೆರಳಿನಷ್ಟು ದೊಡ್ಡ ಸಹಿ ಹಾಕಿ ಇದರೊಳಗೇ ಇಟ್ಟಿದ್ದೇನೆ. ಆದರೂ ಸಭೆಯಲ್ಲಿ ನಿನ್ನನ್ನು ಕೇಳುತ್ತಾರಂತೆ, ನಿಮ್ಮ ತಾಯಿ ಸುಳ್ಳು ಹೇಳಿದ್ದು ನಿಜವೇ ಎಂದು. ನನಗೆ ನಿನ್ನ ಸ್ವಭಾವ ಗೊತ್ತು. ಅಮ್ಮನಿಗೆ ತಿಳಿಯಲಿಲ್ಲ, ಅವರು ಓದಿದವರಲ್ಲ, ಅಪ್ಪ ತೀರಿದ ದುಃಖದಲ್ಲಿದ್ದರು ಎಂದೆಲ್ಲ ಹೇಳಲು ಹೋಗುತ್ತೀಯ. ಹೋಗಬೇಡ. ನನ್ನನ್ನು ಮುಚ್ಚಬೇಡ. ತಿಳಿದೇ ಹೇಳಿದಳು ಎನ್ನು. ಆಮೇಲೆ ನಿನಗೆ ಏನೇನು ಸಹಾಯ ಬೇಕೋ ಎಲ್ಲ ಕೇಳು, ಒಂದನ್ನೂ ಬಿಡದೆ ಕೇಳು.

ಬಸ್ಸು ಬೆಳಿಗ್ಗೆ ಆರಕ್ಕೆ ಮುಟ್ಟುತ್ತದೆ, ಶ್ರೀವಾಣಿ ನೇರವಾಗಿ ಹಾಸ್ಟೆಲಿಗೆ ಬರುತ್ತಾಳೆ. ಸಭೆ ಹನ್ನೊಂದಕ್ಕೆ ಎಂದು ತನುಜಾ ಹೇಳಿದಳು.